ಬೀದರ್ ವಾಯುನೆಲೆ ನೋಡೋಕೆ ಯಾರ ಶಿಫಾರಸು ಬೇಕು?

ಮಗಳಿಗೆ ಪೈಲಟ್ ಆಗೋ ಆಸೆ, ಬೀದರ್ ವಾಯುನೆಲೆ ಒಳಗೆ ಕರ್ಕೊಂಡು ಹೋಗಿ ವಿಮಾನ ತೋರಿಸಬೇಕು ಅಂತೀರಿ ಅಲ್ವಾ, ನಾನೂ ಇದೇ ಹಟ ಹಿಡಿದಿದ್ದೆ. ಮಗ ಆಗ ಒಂಬತ್ತನೇ ಕ್ಲಾಸು. ಪರಿಚಯದವರೊಬ್ಬರು "ಬನ್ನಿ, ಗೇಟಲ್ಲಿ ಹೇಳಿರ್ತೀನಿ" ಅಂದರು. ಅಷ್ಟನ್ನೇ ನಂಬಿ ಕಲಬುರಗಿಯಿಂದ ಬಸ್ ಹತ್ತಿದೆವು. ಗೇಟಿನಲ್ಲಿ ಪಟ್ಟಿ ನೋಡಿದರು, ನಮ್ಮ ಹೆಸರಿಲ್ಲ.

ತಪ್ಪು ನನ್ನದೇ. ಅಲ್ಲಿ ಬಾಯಿಮಾತು ನಡೆಯೋದಿಲ್ಲ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಮೊದಲೇ ಬರೆದು ಕೊಟ್ಟು ಒಪ್ಪಿಗೆ ಪಡೆದಿರಬೇಕು. ಗೇಟಿನಲ್ಲಿ ನಿಂತ ಯೋಧನಿಗೆ ತಾನಾಗಿ ಒಳಗೆ ಬಿಡುವ ಅಧಿಕಾರವೇ ಇಲ್ಲ. ಅದು ಗೊತ್ತಿದ್ದೂ ನಾನು ಗೋಗರೆದೆ, ಮಗ ಅಂಗಿ ಜಗ್ಗಿ "ಅಪ್ಪಾ, ಸಾಕು ಬಾ" ಅಂದ. ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿದ್ದ ಹುಡುಗ ಅವನು. ಅವತ್ತಿನ ಅವನ ಮುಖ ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಬೀದರ್ ಕೋಟೆಗೆ ಹೋದೆವು. ತಲೆ ಮೇಲೇ ಹಾಕ್ ವಿಮಾನಗಳು ಒಂದರ ಹಿಂದೊಂದು ಹೋಗ್ತಾ ಇದ್ದವು. ಬೀದರಿನಲ್ಲಿ ಫೈಟರ್ ಪೈಲಟ್‌ಗಳ ತರಬೇತಿಗೆ 2008ರಿಂದ ಇರೋದು ಅದೇ ಜೆಟ್. ಮಗ ಮಧ್ಯಾಹ್ನದವರೆಗೆ ಕತ್ತು ಇಳಿಸಲಿಲ್ಲ.

ಹಾಗಾಗಿ ನನ್ನ ಮಾತು ಕೇಳಿ, ಶಿಫಾರಸಿನ ಯೋಚನೆ ಬಿಡಿ. ಒಳಗೇ ಹೋಗಬೇಕಿದ್ದರೆ ಶಾಲೆಯವರಿಂದ ಅಥವಾ ಎನ್‌ಸಿಸಿ ಏರ್ ವಿಂಗ್ ಮೂಲಕ ಪತ್ರ ಬರೆಸಿ, ಇಲ್ಲದಿದ್ದರೆ ಬೇಡ. ಹಳೇ ವಿಮಾನ ಹತ್ತಿರದಿಂದ ನೋಡೋಕೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಇದೆ, ಟಿಕೆಟ್ ತಗೊಂಡ್ರೆ ಆಯ್ತು. ಮಾರುತ್, ಮಿಗ್-21 ಫೈಟರ್ ವಿಮಾನಗಳು ಕಂಡ ತಕ್ಷಣ ಮಕ್ಕಳು ಅತ್ತ ಓಡ್ತಾರೆ. ನೀವು ಮಗಳನ್ನು ಕಿರಣ್ ಮುಂದೆ ನಿಲ್ಲಿಸಿ. 1964ರಲ್ಲಿ ಮೊದಲ ಸಲ ಹಾರಿದ, ನಮ್ಮವರೇ ಮಾಡಿದ ತರಬೇತಿ ವಿಮಾನ ಅದು. ಬೀದರಿನಲ್ಲಿ 1996ರಲ್ಲಿ ಕಟ್ಟಿದ, ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ್ ತಂಡ ಮೊದಲು ಹಾರಿಸಿದ್ದು ಕಿರಣ್ ವಿಮಾನಗಳನ್ನೇ, ಈಗ ಹಾಕ್ ಹಾರಿಸ್ತಾರೆ.

ಕಿರಣ್‌ನ ಕಾಕ್‌ಪಿಟ್ ಯಾಕೆ ಅಷ್ಟು ಅಗಲ ಅಂತ ಅವಳನ್ನೇ ಕೇಳಿ. ಗುರು, ಶಿಷ್ಯ ಇಬ್ಬರೂ ಅಕ್ಕಪಕ್ಕ ಕೂರ್ತಾರೆ, ಕೈ ತಪ್ಪಿದರೆ ಗುರುವಿಗೆ ಪಕ್ಕದಲ್ಲೇ ಕಾಣುತ್ತೆ. ಹಾಕ್‌ನಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಶಿಷ್ಯನ ತಲೆ ಮೇಲಿಂದ ಮುಂದೆ ಕಾಣಲಿ ಅಂತ ಹಿಂದಿನ ಸೀಟು ಎತ್ತರ. ಇಷ್ಟು ತಿಳಿದುಕೊಂಡು ಆಮೇಲೆ ಬೀದರಿಗೆ ಹೋದರೆ ಅವಳು ಆಕಾಶ ನೋಡೋ ರೀತಿನೇ ಬೇರೆ.

ಬೀದರಿಗೆ ಭಾನುವಾರ ಮಾತ್ರ ಹೋಗ್ಬೇಡಿ, ತರಬೇತಿ ನಡೆಯೋ ಕೆಲಸದ ದಿನವೇ ಹೋಗಿ. ವಾಯುನೆಲೆಯ ಗೋಡೆ ಹತ್ತಿರ ಸುಮ್ನೆ ಕೂಡ ಮೊಬೈಲ್ ಎತ್ತಿ ಫೋಟೋ ಹೊಡೀಬೇಡಿ.