ಆಕ್ಸಲ್ ಕೂಗ್ತಿದ್ರೆ ದಪ್ಪ ಆಯಿಲ್ ಹಾಕ್ಬೋದಾ?

ಪ್ರಶ್ನೆ: ಸರ್, ನನ್ನ ಹಳೇ ಫೋರ್ ವೀಲ್ ಡ್ರೈವ್ ಗಾಡಿ ಹಿಂದಿನ ಆಕ್ಸಲ್‌ನಿಂದ 60 ಕಿಮೀ ಸ್ಪೀಡ್ ದಾಟ್ತಿದ್ದಂಗೆ ಕುಂಯ್ ಅಂತ ಸೌಂಡ್ ಶುರುವಾಗುತ್ತೆ, ಆಕ್ಸಿಲರೇಟರ್ ಬಿಟ್ರೆ ಕಮ್ಮಿಯಾಗುತ್ತೆ. ಮ್ಯಾನ್ಯುಯಲ್‌ನಲ್ಲಿ 80 ಡಬ್ಲ್ಯೂ-90, ಜಿಎಲ್-5 ಅಂತಿದೆ. ಒಬ್ರು 85 ಡಬ್ಲ್ಯೂ-140 ಹಾಕು ಸೌಂಡ್ ನಿಲ್ಲುತ್ತೆ ಅಂತಾರೆ, ಇನ್ನೊಬ್ರು ಗೇರ್‌ಬಾಕ್ಸಿಗೆ ತಂದು ಉಳಿದಿರೋ ಜಿಎಲ್-4 ಇದ್ಯಲ್ಲ ಅದನ್ನೇ ಸುರಿ ಅಂತಾರೆ. ಯಾವ್ದು ಹಾಕ್ಲಿ?

ಉತ್ತರ: ಜಿಎಲ್-4 ಮಾತ್ರ ಖಂಡಿತ ಬೇಡ, ಜಿಎಲ್ ಅನ್ನೋದು ಗೇರ್ ಆಯಿಲ್ ಎಷ್ಟು ಒತ್ತಡ ತಡೆಯುತ್ತೆ ಅನ್ನೋ ದರ್ಜೆ. ನಿಮ್ಮ ಆಕ್ಸಲ್ ಒಳಗಿರೋದು ಹೈಪಾಯ್ಡ್ ಗೇರ್, ಅಂದ್ರೆ ಪಿನಿಯನ್ನು (ಎಂಜಿನ್ ಕಡೆಯಿಂದ ಬರೋ ಶಾಫ್ಟಿನ ತುದಿಯ ಚಿಕ್ಕ ಗೇರು) ಕ್ರೌನ್ ವೀಲ್‌ನ (ಅದು ತಿರುಗಿಸೋ ದೊಡ್ಡ ಗೇರು) ನಡುಮಧ್ಯಕ್ಕೆ ನೇರವಾಗಿ ಬರಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿರುತ್ತೆ, ಹಂಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳೋದು ಮಾತ್ರ ಅಲ್ಲ, ಭಾರೀ ಒತ್ತಡದಲ್ಲಿ ಉಜ್ಜಿಕೊಂಡು ಜಾರ್ತಾನೂ ಇರ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲಲ್ಲ, ಕಿತ್ತುಹೋಗುತ್ತೆ. ಆಗ ಕಾಪಾಡೋದು ಆಯಿಲ್‌ನಲ್ಲಿರೋ ಗಂಧಕ, ರಂಜಕದ ಅಡಿಟಿವ್, ಅದು ಬಿಸಿಗೆ ಉಕ್ಕಿನ ಜೊತೆ ಸೇರಿ ಹಲ್ಲಿನ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ. ಡಬ್ಬಿ ತೆಗೆದ ಕೂಡ್ಲೇ ಬರೋ ಕೆಟ್ಟ ವಾಸನೆ ಈ ಗಂಧಕದ್ದೇ. ಜಿಎಲ್-5ರಲ್ಲಿ ಇದು ಜಿಎಲ್-4ಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟಿರುತ್ತೆ. ಹಾಗಂತ ಉಳಿದ ಜಿಎಲ್-5ನ ಗೇರ್‌ಬಾಕ್ಸಿಗೂ ಹಾಕ್ಬೇಡಿ, ಅಲ್ಲಿ ಗೇರ್ ಬದಲಾಯಿಸುವಾಗ ವೇಗ ಹೊಂದಿಸೋ ಹಿತ್ತಾಳೆ ಸಿಂಕ್ರೊನೈಜರ್ ರಿಂಗಿಗೆ ಅದು ಒಗ್ಗದೇ ಇರಬಹುದು, ಅದ್ರ ಮ್ಯಾನ್ಯುಯಲ್ ಏನು ಹೇಳುತ್ತೋ ಅದೇ.

ಈಗ 85 ಡಬ್ಲ್ಯೂ-140ರ ವಿಷಯ, ಇದ್ರಲ್ಲಿ ಕೊನೆಯ ಅಂಕಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನೋ ಗ್ರೇಡ್. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ಗ್ರೇಡ್ ಆಯಿಲ್‌ನ ಸ್ನಿಗ್ಧತೆ (ದಪ್ಪದ ಅಳತೆ) 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿರುತ್ತೆ, 140 ಗ್ರೇಡಿಂದು 24ರಿಂದ ಮೇಲೆ. ಅಷ್ಟು ದಪ್ಪ ಇರೋದ್ರಿಂದ ಸೌಂಡ್ ಸ್ವಲ್ಪ ಅಡಗುತ್ತೆ, ನಿಮಗೆ ಹೇಳಿದೋರು ಸುಳ್ಳು ಹೇಳಿಲ್ಲ. ಆದ್ರೆ ಸವೆದಿದ್ದು ಸವೆದಂಗೇ ಇರುತ್ತಲ್ಲ, ಅದ್ರ ಮೇಲೆ ದಪ್ಪ ಆಯಿಲ್‌ನ ಕಲಕೋಕೆ ಎಂಜಿನ್ ಶಕ್ತಿ ಹೋಗುತ್ತೆ, ಬೆಳಿಗ್ಗೆ ತಣ್ಣಗಿರುವಾಗ ಕ್ರೌನ್ ವೀಲ್ ಎರಚಿದ ಆಯಿಲ್ ಮುಂದಿರೋ ಪಿನಿಯನ್ ಬೇರಿಂಗ್‌ವರೆಗೆ ಹೋಗಿ ಸೇರೋದೂ ತಡ. ನಾನು ಒಂದ್ಸಲ ಹಿಂಗೇ ಮಾಡಿದ್ದೆ. ಸೌಂಡ್ ಕಮ್ಮಿಯಾಯ್ತು ಅಂತ ನಿಶ್ಚಿಂತೆಯಾಗಿ ಓಡಿಸಿದೆ, ಕೊನೆಗೆ ಪಿನಿಯನ್ ಬೇರಿಂಗ್ ಪುಡಿಯಾಗಿ ಆ ಚೂರು ಹೋಗಿ ಕ್ರೌನ್ ವೀಲ್ ಹಲ್ಲನ್ನೂ ತಿಂದ್‌ಹಾಕ್ತು, ಬರೀ ಬೇರಿಂಗಲ್ಲಿ ಮುಗಿಯೋ ಕೆಲ್ಸಕ್ಕೆ ಪೂರ್ತಿ ಸೆಟ್ಟೇ ಬದಲಾಯಿಸ್ಬೇಕಾಯ್ತು. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು, ಸೌಂಡ್ ಎಲ್ಲಿಂದ ಅಂತ ಗೊತ್ತಾಗೋವರೆಗೂ ಅದನ್ನ ಮುಚ್ಚಬೇಡಿ. ಬಿಸಿ ಪ್ರದೇಶಕ್ಕೆ, ಭಾರ ಎಳೆಯೋಕೆ 140 ಹಾಕಬಹುದು ಅಂತ ಮ್ಯಾನ್ಯುಯಲ್ಲೇ ಹೇಳಿದ್ರೆ ಆ ಮಾತು ಬೇರೆ.

ಆಕ್ಸಿಲರೇಟರ್ ಒತ್ತಿದಾಗ ಇದ್ದು ಬಿಟ್ಟಾಗ ಕಮ್ಮಿಯಾಗುತ್ತೆ ಅಂದ್ರಲ್ಲ, ಅದು ಹೆಚ್ಚಾಗಿ ಕ್ರೌನ್ ಪಿನಿಯನ್ ಹಲ್ಲು ಕೂಡೋ ಜಾಗದ ಲಕ್ಷಣ, ಪಿನಿಯನ್ ಬೇರಿಂಗ್ ಸಡಿಲ ಆಗಿದ್ರೂ ಹಂಗೇ ಬರುತ್ತೆ. ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಎಳೆದಾಗ ಸೌಂಡ್ ಬದಲಾದ್ರೆ ವೀಲ್ ಬೇರಿಂಗ್ ನೋಡಿಸಿ, ರಸ್ತೆ ಬದಲಾದ್ರೆ ಬದಲಾಗೋ ಸೌಂಡ್ ಟಯರಿಂದು.

ಆಯಿಲ್ ಇಳಿಸೋಕೆ ಮುಂಚೆ ಗಾಡಿನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೊದಲು ಮೇಲಿನ ಫಿಲ್ಲರ್ ಪ್ಲಗ್ ತೆಗೀರಿ, ಅದು ತುಕ್ಕು ಹಿಡಿದು ಬರದೇಹೋದ್ರೆ ಕೆಳಗಿಂದ ಖಾಲಿ ಮಾಡಿದ್ಮೇಲೆ ತುಂಬೋಕೆ ದಾರಿನೇ ಇರಲ್ಲ. ಲೆವೆಲ್ ಅಲ್ಲೇ ಗೊತ್ತಾಗುತ್ತೆ, ಸಾಮಾನ್ಯವಾಗಿ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು, ಪಿನಿಯನ್ ಸೀಲ್ ಸೋರಿ ಆಯಿಲ್ ಕಮ್ಮಿಯಾಗಿ ಕೂಗ್ತಿರಬಹುದು. ಡ್ರೈನ್ ಪ್ಲಗ್ ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ರೆ ಮಾಮೂಲು, ಕೈಗೆ ಚೂರು ಸಿಕ್ರೆ ಹೊಸ ಆಯಿಲ್ ಹಾಕದೇ ಹೌಸಿಂಗ್ ಬಿಚ್ಚಿಸಿ. ಚೂರಿಲ್ಲ ಅಂದ್ರೆ 80 ಡಬ್ಲ್ಯೂ-90 ಜಿಎಲ್-5 ತುಂಬಿ ಓಡಿಸಿ ನೋಡಿ, ಸೌಂಡ್ ಹಂಗೇ ಇದ್ರೆ ಬೇರಿಂಗ್, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದು) ಚೆಕ್ ಮಾಡಿಸ್ಲೇಬೇಕು. ಇನ್ನೊಂದು, ಆಕ್ಸಲ್‌ನಲ್ಲಿ ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂಗೆ ತಡೆಯೋ ವ್ಯವಸ್ಥೆ) ಇದ್ರೆ ಅದಕ್ಕೆ ಫ್ರಿಕ್ಷನ್ ಮಾಡಿಫೈಯರ್ ಇರೋ ಆಯಿಲ್ಲೇ ಆಗ್ಬೇಕು, ಇಲ್ಲಾಂದ್ರೆ ನಿಧಾನಕ್ಕೆ ತಿರುಗಿಸುವಾಗ ಗಡಗಡ ಅನ್ನುತ್ತೆ.

ಪ್ರಶ್ನೆ: ಹೊಳೆ ದಾಟಿ ಬಂದ್ಮೇಲೆ ಆಕ್ಸಲ್ ಆಯಿಲ್ ಹಾಲಿನ ಥರ ಬೆಳ್ಳಗಾಗಿದೆ, ಓಡಿಸಿದ್ರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ, ನೀರು ಸೇರಿದೆ, ಆದಷ್ಟು ಬೇಗ ಬದಲಾಯಿಸಿ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೋಗಿಬರೋ ದಾರಿ) ಕಟ್ಟಿಕೊಂಡಿದ್ರೆ ಸೀಲ್ ಕಡೆಯಿಂದ ನೀರು ಎಳ್ಕೊಳ್ಳುತ್ತೆ. ಬ್ರೀದರ್ ಕ್ಲೀನ್ ಮಾಡಿ, ಸಾಧ್ಯ ಆದ್ರೆ ಅದಕ್ಕೊಂದು ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ತಂದು ಕಟ್ಟಿ.