ಹೆಸರುಗಳ ಪಟ್ಟಿ ಪ್ರಾರ್ಥನೆಯಾಗಬೇಕಾದರೆ

ಪ್ರಿಯ ಸಹೋದರಿಯವರೇ,

ನಿಮ್ಮ ಪತ್ರದ ಪ್ರಶ್ನೆಗಳನ್ನು ಇತರ ಓದುಗರಿಗಾಗಿ ಚಿಕ್ಕದಾಗಿ ಹೇಳುತ್ತೇವೆ. "ನನಗಾಗಿ ಪ್ರಾರ್ಥಿಸಿ" ಎಂದು ಕೇಳಿಕೊಂಡವರ ಹೆಸರುಗಳು ನಿಮ್ಮ ಪುಸ್ತಕದಲ್ಲಿ ಅರವತ್ತು ದಾಟಿವೆ. ಬೆಳಗಿನ ಪ್ರಾರ್ಥನೆ ಹಾಜರಿ ಕೂಗಿದ ಹಾಗಾಗಿದೆ. ತಮ್ಮನ ಕುಡಿತ ಬಿಡಿಸೆಂದು ಮೂರು ವರ್ಷದಿಂದ ಬೇಡುತ್ತಿದ್ದೀರಿ, ಏನೂ ಬದಲಾಗಿಲ್ಲ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡ ಮನೆಯ ವಿಷಯ ವಾರ ಕಳೆಯುವುದರೊಳಗೆ ಸಭೆಗೆಲ್ಲ ಗೊತ್ತಾಗಿದೆ. ಇಷ್ಟಾದ ಮೇಲೂ ಮುಂದುವರಿಯಬೇಕೇ, ಮುಂದುವರಿಯುವುದಾದರೆ ಹೇಗೆ ಎಂದು ಕೇಳಿದ್ದೀರಿ.

ಮೊದಲು ಪಟ್ಟಿಯ ವಿಷಯ. ನಿಮ್ಮ ಪುಸ್ತಕದಲ್ಲಿ ಹೆಸರುಗಳಿವೆ, ಬೇಡಿಕೆಗಳಿಲ್ಲ. ಪ್ರಾರ್ಥನೆ ಒಣಗುವುದಕ್ಕೆ ಬಹುಪಾಲು ಇದೇ ಕಾರಣ. "ಇವರನ್ನು ಆಶೀರ್ವದಿಸು" ಎಂದು ಅರವತ್ತು ಸಲ ಹೇಳಿದರೆ ಹತ್ತನೆಯ ಹೆಸರಿಗೇ ಮನಸ್ಸು ಬೇರೆಲ್ಲೋ ಇರುತ್ತದೆ. ಅಪೊಸ್ತಲ ಪೌಲನು ಸಭೆಗಳಿಗೆ ಬರೆದ ತನ್ನ ಪತ್ರಿಕೆಗಳಲ್ಲಿ ಬೇಡುವ ರೀತಿ ನೋಡಿ. ಫಿಲಿಪ್ಪಿಯವರಿಗಾಗಿ ಅವರ ಪ್ರೀತಿ ತಿಳುವಳಿಕೆಯಿಂದಲೂ ವಿವೇಕದಿಂದಲೂ ಹೆಚ್ಚಲಿ ಎಂದು ಕೇಳುತ್ತಾನೆ. ಕೊಲೊಸ್ಸೆಯವರಿಗಾಗಿ ದೇವರ ಚಿತ್ತ ಅವರಿಗೆ ತಿಳಿಯಲಿ, ತಾಳ್ಮೆ ಸಿಗಲಿ ಎಂದು ಕೇಳುತ್ತಾನೆ. ಬೇಡಿಕೆ ಉದ್ದವಾಗಬೇಕಿಲ್ಲ. ತೊನ್ನು ಹತ್ತಿದ ಅಕ್ಕ ಮಿರ್ಯಾಮಳಿಗಾಗಿ ಮೋಶೆ ಇಟ್ಟ ಮೊರೆ, ದೇವರೇ, ಈಕೆಯನ್ನು ವಾಸಿಮಾಡು ಎಂಬ ಒಂದೇ ವಾಕ್ಯ.

ಆದ್ದರಿಂದ ಬಿಡುವಾದ ಒಂದು ಸಂಜೆ ಪುಸ್ತಕ ತೆರೆದು ಪ್ರತಿ ಹೆಸರಿನ ಮುಂದೆ ದಿನಾಂಕ ಹಾಕಿ, ಅವರಿಗಾಗಿ ಏನು ಕೇಳುತ್ತೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ವಾಕ್ಯ ಹೊಳೆಯದಿದ್ದರೆ ಆ ವ್ಯಕ್ತಿಯನ್ನೇ ಕೇಳಿ. ಪರೀಕ್ಷೆ ಮುಗಿದವರು, ವಾಸಿಯಾದವರು, ಕೆಲಸ ಸಿಕ್ಕವರು ಇದ್ದರೆ ಸ್ತೋತ್ರ ಹೇಳಿ ಆ ಸಾಲು ಹೊಡೆದುಹಾಕಿ. ಉಳಿದವರಲ್ಲಿ ನಿಮಗೆ ಅತಿ ಹತ್ತಿರದ ನಾಲ್ಕೈದು ಮಂದಿ ಮಾತ್ರ ದಿನನಿತ್ಯದ ಪ್ರಾರ್ಥನೆಗೆ ಇರಲಿ. ಮಿಕ್ಕವರನ್ನು ಸೋಮವಾರದಿಂದ ಶನಿವಾರದವರೆಗೆ ಹಂಚಿದರೆ ದಿನಕ್ಕೆ ಹೆಚ್ಚೆಂದರೆ ಒಂಬತ್ತು ಹತ್ತು ಹೆಸರು ಬರುತ್ತದೆ. ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರೂ ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಭಾನುವಾರವನ್ನು ಸಭೆಗೂ ದೇಶವಾಳುವವರಿಗೂ ಬಿಡಿ. ಅಧಿಕಾರದಲ್ಲಿರುವವರಿಗಾಗಿ ಬೇಡಬೇಕೆಂದು 1 ತಿಮೊಥೆ 2ರಲ್ಲಿ ಸ್ಪಷ್ಟವಾಗಿಯೇ ಇದೆ, ಮನೆಯ ಪ್ರಾರ್ಥನೆಯಲ್ಲಿ ಹೆಚ್ಚಾಗಿ ಮರೆತುಹೋಗುವುದೂ ಅದೇ.

ದಾರಿಯಲ್ಲಿ ಸಿಕ್ಕವರು ಪ್ರಾರ್ಥನೆ ಕೇಳಿದರೆ, ಅವರಿಗೆ ಒಪ್ಪಿಗೆಯಿದ್ದರೆ, ಅಲ್ಲೇ ನಿಂತು ಅರ್ಧ ನಿಮಿಷ ಪ್ರಾರ್ಥಿಸಿಬಿಡಿ. ಆಮೇಲೆ ಪುಸ್ತಕಕ್ಕೆ ಸೇರಿಸಲೇಬೇಕೆಂದಿಲ್ಲ. "ಖಂಡಿತ ಪ್ರಾರ್ಥಿಸ್ತೀನಿ" ಎಂದು ಹೇಳಿ ಮರೆಯುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಹೆಸರು ಹೇಳಿದ ಕೂಡಲೇ ಬೇಡಿಕೆಗೆ ಹಾರಬೇಡಿ. ಆ ವ್ಯಕ್ತಿಯನ್ನು ನೆನೆದು ಕ್ಷಣಕಾಲ ಸುಮ್ಮನಿರಿ, ಅವರಲ್ಲಿರುವ ಯಾವುದಾದರೂ ಒಂದು ಒಳ್ಳೆಯದಕ್ಕಾಗಿ ಸ್ತೋತ್ರ ಹೇಳಿ, ಆಮೇಲೆ ಕೇಳಿ. ಕೊನೆಗೆ "ಕರ್ತನೇ, ಇದರಲ್ಲಿ ನಾನು ಮಾಡಬೇಕಾದದ್ದು ಏನಾದರೂ ಇದೆಯೇ?" ಎಂದು ವಿಚಾರಿಸಿ. ಈ ಕೊನೆಯ ಮಾತನ್ನು ಬಿಡುವುದರಿಂದಲೇ ಅನೇಕರ ಪ್ರಾರ್ಥನೆ ಕೆಡುತ್ತದೆ. ಹಸಿದವನಿಗೆ ಏನೂ ಕೊಡದೆ, ಹೊಟ್ಟೆ ತುಂಬಿಸಿಕೋ ಎಂದು ಬಾಯಿಮಾತು ಹೇಳಿ ಕಳಿಸುವವನನ್ನು ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಏನು ಕೇಳಬೇಕೆಂದೇ ತಿಳಿಯದ ದಿನ ಕೊಲೊಸ್ಸೆ 1:9ರಿಂದ 12ರವರೆಗಿನ ವಚನಗಳಲ್ಲಿ ಅವರ ಹೆಸರು ಸೇರಿಸಿ ನಿಧಾನವಾಗಿ ಓದಿ. ಮಾತೇ ಬಾರದಿದ್ದರೂ ಚಿಂತೆಯಿಲ್ಲ. ಹೇಗೆ ಬೇಡಬೇಕೋ ನಮಗೆ ಗೊತ್ತಿಲ್ಲದಾಗ ಆತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಹೇಳುತ್ತದೆ.

ಇನ್ನು ತಮ್ಮನ ವಿಷಯ. ಲೂಕ 22ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಸೈತಾನನು ಶಿಷ್ಯರನ್ನು ಗೋದಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ ಎಂದು ಯೇಸು ಪೇತ್ರನಿಗೆ ಹೇಳುತ್ತಾನೆ. ಆದರೆ ಆ ಶೋಧನೆಯೇ ಬಾರದಿರಲಿ ಎಂದು ತಾನು ಬೇಡಿದೆನೆಂದು ಹೇಳುವುದಿಲ್ಲ. ಪೇತ್ರನ ನಂಬಿಕೆ ಕುಂದಿಹೋಗದಿರಲಿ ಎಂದು ಬೇಡಿದೆನೆನ್ನುತ್ತಾನೆ. ಅದೇ ರಾತ್ರಿ ಮಹಾಯಾಜಕನ ಮನೆಯ ಅಂಗಳದಲ್ಲಿ ಪೇತ್ರನು ಯೇಸುವನ್ನು ತಾನರಿಯೆನೆಂದು ಮೂರು ಸಲ ಅಲ್ಲಗಳೆದ. ಆ ಅಂಗಳದಲ್ಲಿ ನಿಂತು ನೋಡಿದವರಿಗೆ ಯೇಸುವಿನ ಪ್ರಾರ್ಥನೆ ಕೂಡ ವ್ಯರ್ಥವಾಯಿತೆಂದೇ ಅನ್ನಿಸುತ್ತಿತ್ತು. ಆದರೆ "ನೀನು ತಿರುಗಿಕೊಂಡ ಮೇಲೆ" ಎಂಬ ಮಾತನ್ನು ಯೇಸು ಅಷ್ಟರಲ್ಲಾಗಲೇ ಹೇಳಿಬಿಟ್ಟಿದ್ದ. ಬೀಳುವುದೂ ತಿರುಗಿಬರುವುದೂ ಎರಡೂ ಆ ಪ್ರಾರ್ಥನೆಯೊಳಗೇ ಇದ್ದವು.

ಮುಂದೆ ಸಭೆಯ ಹೆಸರಾಂತ ಬೋಧಕನಾದ ಅಗಸ್ಟೀನನ ತಾಯಿ ಮೊನಿಕಾಳ ಕಥೆಯೂ ಇಂಥದ್ದೇ. ಮಗನು ರೋಮಿಗೆ ಹಡಗು ಹತ್ತದಿರಲಿ ಎಂದು ಅವಳು ಇಡೀ ರಾತ್ರಿ ಅತ್ತು ಬೇಡಿದಳು. ಅವನು ಅವಳಿಗೆ ಸುಳ್ಳು ಹೇಳಿ ಅದೇ ರಾತ್ರಿ ಹೊರಟುಹೋದ. ಆದರೆ ಆ ಪ್ರಯಾಣವೇ ಅವನನ್ನು ಮುಂದೆ ಮಿಲಾನಿನ ಬಿಷಪ್ ಆಂಬ್ರೋಸರ ಬಳಿಗೆ ತಂದಿತು. 387ರಲ್ಲಿ ಅವರ ಕೈಯಿಂದಲೇ ಅವನಿಗೆ ದೀಕ್ಷಾಸ್ನಾನವಾಯಿತು. ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಟ್ಟನು ಎಂದು ಅಗಸ್ಟೀನನೇ ಮುಂದೆ ಬರೆದ.

ಆದ್ದರಿಂದ ನಿಲ್ಲಿಸಬೇಡಿ, ಬೇಡಿಕೆಯನ್ನು ಬಿಡಿಬಿಡಿಯಾಗಿ ಕೇಳಿ. "ಕುಡಿತ ಬಿಡಿಸು" ಎಂಬ ಒಂದರ ಜಾಗದಲ್ಲಿ ಹಲವನ್ನು ಕೇಳಬಹುದು: ಅವನು ಒಬ್ಬರ ಮುಂದಾದರೂ ನಿಜ ಒಪ್ಪಿಕೊಳ್ಳಲಿ, ವೈದ್ಯರನ್ನು ನೋಡಲು ಒಪ್ಪಲಿ, ಹೆಂಡತಿ ಮಕ್ಕಳಿಗೆ ಕೇಡಾಗದಿರಲಿ, ಅವನ ಕುಡಿತದ ಸಾಲ ತೀರಿಸದೆಯೂ ಅವನನ್ನು ಪ್ರೀತಿಸುವ ಬಲ ನಿಮಗೆ ಸಿಗಲಿ. ಇಲ್ಲೊಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೂ ಅಪಾಯ. ಉಪವಾಸ ಪ್ರಾರ್ಥನೆಗೆ ಕರೆದೊಯ್ದು ಅವತ್ತಿನಿಂದಲೇ ಬಿಡಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ವೈದ್ಯರ ಮೇಲ್ವಿಚಾರಣೆ ಇರಲೇಬೇಕು. ನಿಮ್ಮ ನಂಬಿಕೆ ಸಾಲದ್ದರಿಂದ ಅವನು ಬಿಟ್ಟಿಲ್ಲ ಎಂದು ಯಾರಾದರೂ ಅಂದರೆ ಅದು ಕ್ರೂರ ಮಾತು, ತಪ್ಪು ಮಾತು ಕೂಡ. ಪೌಲನೇ ತಾನು ಶರೀರದ ಮುಳ್ಳು ಎಂದು ಕರೆದ ಬಾಧೆ ತೊಲಗಲಿ ಎಂದು ಮೂರು ಸಲ ಬೇಡಿಕೊಂಡ, ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಎಂಬುದು.

ಕೂಟದ ವಿಷಯದಲ್ಲಿ ನಾವು ಖಡಾಖಂಡಿತವಾಗಿ ಹೇಳುತ್ತೇವೆ: ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ಚಾಡಿ ನಡೆಯಕೂಡದು. ಯಾರ ವಿಷಯವೋ ಅವರ ಒಪ್ಪಿಗೆಯಿಲ್ಲದೆ ಅದನ್ನು ಕೂಟದಲ್ಲಿ ಎತ್ತಬಾರದು. ಒಪ್ಪಿಗೆ ಸಿಕ್ಕರೂ ಹೆಸರು ಮತ್ತು ಒಂದು ಸಾಲು ಸಾಕು; ಕಾಯಿಲೆಯ ವಿವರ, ಸಾಲದ ಮೊತ್ತ, ಗಂಡ ಹೆಂಡಿರ ಜಗಳದ ಕಾರಣ ಬೇಕಿಲ್ಲ. ದೇವರಿಗೆ ಅವು ಮೊದಲೇ ಗೊತ್ತು. ವಾಟ್ಸ್ಆ್ಯಪ್ ಗುಂಪಿಗೆ ಬಂದ ವಿನಂತಿಯನ್ನು ಮುಂದಕ್ಕೆ ಕಳಿಸಬಾರದು. ಹೇಳುವುದಕ್ಕೆ ಇಪ್ಪತ್ತು ನಿಮಿಷ, ಪ್ರಾರ್ಥಿಸುವುದಕ್ಕೆ ಎರಡು ನಿಮಿಷ ಆಗುವ ಕೂಟಗಳಲ್ಲೇ ಮಾತು ಸೋರುವುದು. ಒಬ್ಬರು ವಿನಂತಿ ಹೇಳಿದ ಕೂಡಲೇ ಮತ್ತೊಬ್ಬರು ಪ್ರಾರ್ಥಿಸುವ ಕ್ರಮವಿಟ್ಟುಕೊಂಡರೆ ಕೆದಕಿ ಕೇಳಲು ಸಮಯವೇ ಇರುವುದಿಲ್ಲ. ಆದರೆ ಮಗುವಿಗೆ ಹಿಂಸೆಯಾಗುತ್ತಿದೆ ಎಂದೋ ಯಾರೋ ಸಾಯುವ ಮಾತಾಡುತ್ತಿದ್ದಾರೆ ಎಂದೋ ತಿಳಿದರೆ ಗುಟ್ಟು ಕಾಯುವ ನಿಯಮ ಅಲ್ಲಿಗೆ ಮುಗಿಯಿತು; ತಕ್ಕವರ ಸಹಾಯವನ್ನು ಕೂಡಲೇ ಪಡೆಯಬೇಕು.

ಪ್ರಾರ್ಥಿಸುತ್ತಿರುವುದನ್ನು ತಮ್ಮನಿಗೆ ಹೇಳಬಹುದೇ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಹೇಳಿ. ಯೇಸು ಪೇತ್ರನಿಗೆ ಮುಖಾಮುಖಿ ಹೇಳಿದ್ದ. ಆದರೆ ಕುಡಿದಿರುವಾಗ ಬೇಡ, ಜಗಳದ ನಡುವೆ ಬೇಡ, ಅವನ ಹೆಂಡತಿ ಮಕ್ಕಳ ಎದುರಿಗೂ ಬೇಡ. ಅವನು ಸ್ವಸ್ಥವಾಗಿರುವ ಹೊತ್ತು ನೋಡಿ, "ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥಿಸ್ತೀನಿ ಕಣೋ, ನಿನಗಾಗಿ ಏನು ಕೇಳಲಿ?" ಎಂದು ವಿಚಾರಿಸಿ. ಅವನು ಏನೇ ಹೇಳಿದರೂ, ಕುಡಿತದ ಮಾತೇ ಎತ್ತದೆ ಹೋದರೂ, ಅದನ್ನು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದುಕೊಂಡು ಮರುದಿನದಿಂದ ಅದನ್ನೂ ಕೇಳಿ.

ಸಂಪಾದಕ