ಸಾವಿರ ವರ್ಷದ ಆಳ್ವಿಕೆ: ಒಂದೇ ಬೈಬಲ್, ಉತ್ತರ ಯಾಕೆ ಬೇರೆ ಬೇರೆ?

ಪ್ರಶ್ನೆ: ಸರ್, ನಮ್ಮನೇಲಿ ಈಗ ದಿನಾ ಇದೇ ಚರ್ಚೆ. ಅಣ್ಣ ಹೋಗೋ ಫೆಲೋಶಿಪ್‌ನಲ್ಲಿ ಮೊದಲು ಸಭೆ, ಅಂದ್ರೆ ಕ್ರಿಸ್ತನನ್ನ ನಂಬಿದವರೆಲ್ಲ, ಮೇಲಕ್ಕೆ ಎತ್ತಲ್ಪಡುತ್ತೆ, ಆಮೇಲೆ ಏಳು ವರ್ಷ ಮಹಾ ಸಂಕಟ, ಆಮೇಲೆ ಯೇಸು ಬಂದು ಭೂಮಿ ಮೇಲೆ ಸಾವಿರ ವರ್ಷ ಆಳ್ತಾರೆ ಅಂತ ಚಾರ್ಟ್ ಹಾಕಿ ತೋರಿಸ್ತಾರಂತೆ. ನಮ್ಮ ಪಾಸ್ಟರ್‌ನ ಕೇಳಿದ್ರೆ ಆ ಸಾವಿರ ವರ್ಷ ಈಗಲೇ ನಡೀತಾ ಇದೆ ಅಂದ್ರು. ಅತ್ತಿಗೆ ಕ್ಯಾಥೊಲಿಕ್, ಅವರಿಗೆ ಈ ವಿಷಯಾನೇ ಹೊಸದು. ಎಲ್ರೂ ಓದೋದು ಒಂದೇ ಬೈಬಲ್ ಅಲ್ವಾ, ಯಾರು ಸರಿ?

ಉತ್ತರ: ಈ ಸಾವಿರ ವರ್ಷದ ಆಳ್ವಿಕೆ ಅನ್ನೋದು ಬೈಬಲಲ್ಲಿ ನೇರವಾಗಿ ಬರೋದು ಒಂದೇ ಕಡೆ, ಕೊನೇ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದ 2ರಿಂದ 7ನೇ ವಚನದವರೆಗೆ. ಆರು ವಚನ, ಆರು ಸಲ ಸಾವಿರ ವರ್ಷ. ಒಬ್ಬ ದೇವದೂತ ಅಧೋಲೋಕದ ಬೀಗದ ಕೈ, ದೊಡ್ಡ ಸರಪಣಿ ಹಿಡ್ಕೊಂಡು ಇಳಿದು ಬರ್ತಾನೆ, ಸೈತಾನನ್ನ ಕಟ್ಟಿ ಒಳಗೆ ದೊಬ್ಬಿ ಮೇಲೆ ಮುದ್ರೆ ಹಾಕ್ತಾನೆ, ಯೇಸುವಿನ ಸಾಕ್ಷಿಗಾಗಿ ತಲೆ ಕೊಟ್ಟವರು ಜೀವ ಬಂದು ಎದ್ದು ಕ್ರಿಸ್ತನ ಜೊತೆ ಸಾವಿರ ವರ್ಷ ಆಳ್ತಾರೆ, ಸತ್ತವರಲ್ಲಿ ಮಿಕ್ಕವರು ಅದು ಮುಗಿಯೋವರೆಗೂ ಏಳಲ್ಲ, ಆಮೇಲೆ ಸೈತಾನನಿಗೆ ಸ್ವಲ್ಪ ಕಾಲ ಬಿಡುಗಡೆ. ಅಷ್ಟೇ. ನಿಮ್ಮಣ್ಣ ನೋಡಿದ ಚಾರ್ಟ್‌ನಲ್ಲಿರೋ ಏಳು ವರ್ಷ ಇಲ್ಲಿಲ್ಲ, ಅದು ದಾನಿಯೇಲ 9:27ರಲ್ಲಿ ಬರೋ ಕೊನೇ ವಾರದಿಂದ, ದಿನಕ್ಕೊಂದು ವರ್ಷ ಅಂತ ಎಣಿಸಿ, ತಂದಿದ್ದು. ಎತ್ತಲ್ಪಡೋದೂ ಇಲ್ಲಿಲ್ಲ, ಅದು 1 ಥೆಸಲೊನೀಕ 4:17ರಿಂದ ಬಂದಿದ್ದು. ಹೀಗೆ ಜೋಡಿಸೋದೇ ತಪ್ಪು ಅಂತ ಹೇಳ್ತಿಲ್ಲ, ಎಲ್ಲಾ ಪಂಗಡದವರೂ ಜೋಡಿಸ್ತಾರೆ, ಆದ್ರೆ ಚಾರ್ಟ್ ನೋಡ್ತಾ ಕೂತಾಗ ಯಾವುದು ವಚನ ಯಾವುದು ಜೋಡಣೆ ಅನ್ನೋದು ಗೊತ್ತಿರ್ಬೇಕು, ಅಣ್ಣನ ಹತ್ರ ಇದೊಂದನ್ನ ಕೇಳಿ ನೋಡಿ.

ಈಗ ಜಗಳದ ಬೇರು ಎಲ್ಲಿದೆ ನೋಡೋಣ. 19ನೇ ಅಧ್ಯಾಯದಲ್ಲಿ ಬಿಳೀ ಕುದುರೆ ಮೇಲೆ ಕ್ರಿಸ್ತ ಬರ್ತಾನೆ, ದೇವರಿಗೆ ಎದುರು ನಿಂತ ಮೃಗವನ್ನ ಬೆಂಕಿಯ ಕೆರೆಗೆ ಎಸೀತಾರೆ. ಅದಾದ ಮೇಲೆ 20 ಬರುತ್ತೆ. ಇವು ಒಂದರ ಹಿಂದೆ ಒಂದು ನಡೆಯೋ ಘಟನೆಗಳು ಅಂತ ಓದಿದ್ರೆ ಮೊದಲು ಬರೋಣ, ಅಂದ್ರೆ ಕ್ರಿಸ್ತ ಮತ್ತೆ ಬರೋದು, ಆಮೇಲೆ ಸಾವಿರ ವರ್ಷ, ಲೆಕ್ಕ ನೇರ. ಇದನ್ನ ಪ್ರಿಮಿಲೇನಿಯಲ್ ಅಂತಾರೆ. ಇಲ್ಲ, ಪ್ರಕಟನೆ ಪುಸ್ತಕ ಕ್ರಿಕೆಟ್ ರಿಪ್ಲೇ ಥರ, ಅದೇ ಬಾಲನ್ನ ಬೇರೆ ಬೇರೆ ಕ್ಯಾಮೆರಾದಿಂದ ಮತ್ತೆ ಮತ್ತೆ ತೋರಿಸುತ್ತೆ, 20ನೇ ಅಧ್ಯಾಯ ಮತ್ತೆ ಶುರುವಿಗೆ ಅಂದ್ರೆ ಕ್ರಿಸ್ತನ ಮೊದಲನೇ ಬರೋಣಕ್ಕೆ ಹೋಗುತ್ತೆ ಅಂತ ಓದಿದ್ರೆ, ಸೈತಾನನ್ನ ಕಟ್ಟಿದ್ದು ಆಗಲೇ ಆಯ್ತು, ಸಾವಿರ ಅನ್ನೋದು ಈ ಇಡೀ ಸಭೆಯ ಕಾಲಕ್ಕೆ ಕೊಟ್ಟ ದೊಡ್ಡ ಸಂಖ್ಯೆ. ಇದು ಅಮಿಲೇನಿಯಲ್. ನಿಮ್ಮ ಪಾಸ್ಟರ್ ಈ ಕಡೆಯವರು.

ಎರಡೂ ಕಡೆ ಗಟ್ಟಿ ಮಾತಿದೆ, ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಪಾಸ್ಟರ್ ಕಡೆಯವರು ತೋರಿಸೋದು ಮತ್ತಾಯ 12:29, ಬಲಿಷ್ಠನನ್ನ ಮೊದಲು ಕಟ್ಟಿಹಾಕದೆ ಅವನ ಮನೆ ಸೂರೆ ಮಾಡೋಕಾಗಲ್ಲ ಅಂತ ಯೇಸುವೇ ಹೇಳಿದ್ದು, ಅಂದ್ರೆ ಕಟ್ಟೋದು ಆಗಲೇ ಶುರುವಾಗಿತ್ತು. ಜೊತೆಗೆ ಯೋಹಾನ 5:28-29, ಸಮಾಧಿಯಲ್ಲಿರೋರೆಲ್ಲಾ ಅವನ ದನಿ ಕೇಳಿ ಹೊರಗೆ ಬರೋ ಸಮಯ ಬರುತ್ತೆ, ಒಳ್ಳೇದು ಮಾಡಿದವರೂ ಕೆಟ್ಟದ್ದು ಮಾಡಿದವರೂ, ಮಧ್ಯೆ ಸಾವಿರ ವರ್ಷದ ಗ್ಯಾಪ್ ಕಾಣಲ್ಲ. ಅಣ್ಣನ ಕಡೆಯವರು ಕೇಳೋದು ಇದು: ಪೇತ್ರ ತನ್ನ ಮೊದಲನೇ ಪತ್ರದಲ್ಲಿ ಸೈತಾನ ಗರ್ಜಿಸೋ ಸಿಂಹದ ಥರ ತಿರುಗಾಡ್ತಿದ್ದಾನೆ ಅಂತಾನಲ್ಲ, ಬೀಗ ಹಾಕಿ ಮುದ್ರೆ ಒತ್ತಿದ ಮೇಲೆ ತಿರುಗಾಡೋದು ಹೆಂಗೆ? ಅದಕ್ಕೆ ಅಮಿಲ್‌ನವರು ಕಟ್ಟಿದ್ದು ಒಂದು ವಿಷಯಕ್ಕೆ ಮಾತ್ರ, ಜನಾಂಗಗಳನ್ನ ಮರುಳು ಮಾಡದ ಹಾಗೆ, 3ನೇ ವಚನದಲ್ಲೇ ಇದೆ ನೋಡಿ ಅಂತಾರೆ. ಇದು ಹೀಗೇ ಹೋಗುತ್ತೆ.

ಪ್ರಿಮಿಲ್‌ನಲ್ಲೇ ಮತ್ತೆ ಎರಡು ಗುಂಪು. ಹಳೇ ಥರದವರು ಸಭೆ ಮಹಾ ಸಂಕಟದ ಒಳಗಿಂದಲೇ ಹಾದು ಹೋಗುತ್ತೆ, ಆಮೇಲೆ ಕ್ರಿಸ್ತ ಒಂದೇ ಸಲ ಬರ್ತಾನೆ ಅಂತಾರೆ. ಅಣ್ಣನ ಫೆಲೋಶಿಪ್‌ನವರು ಡಿಸ್ಪೆನ್ಸೇಷನಲ್ ಅನ್ನೋ ಗುಂಪು, ಅವರಿಗೆ ಇಸ್ರಾಯೇಲ್ ಬೇರೆ ಸಭೆ ಬೇರೆ, ಸಭೆಯನ್ನ ಮೊದಲೇ ಎತ್ಕೊಂಡು ಹೋಗಿ ಆಮೇಲೆ ದೇವರು ಇಸ್ರಾಯೇಲ್ ಜೊತೆ ಕೆಲಸ ಮುಂದುವರಿಸ್ತಾನೆ. ಇನ್ನೊಂದು ಪೋಸ್ಟ್‌ಮಿಲೇನಿಯಲ್, ಸುವಾರ್ತೆ ಹುಳಿಹಿಟ್ಟಿನ ಹಾಗೆ ನಿಧಾನವಾಗಿ ಲೋಕಾನೆಲ್ಲ ಗೆದ್ದು ಒಂದು ಒಳ್ಳೇ ಕಾಲ ಬರುತ್ತೆ, ಅದರ ಕೊನೇಲಿ ಕ್ರಿಸ್ತ ಬರ್ತಾನೆ ಅಂತ. 18ನೇ ಶತಮಾನದಲ್ಲಿ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಅಂಥವರು ಇದನ್ನ ನಂಬಿದ್ರು, ಎರಡು ಮಹಾಯುದ್ಧ ನೋಡಿದ ಮೇಲೆ ಆ ಉತ್ಸಾಹ ಬಹಳ ಇಳೀತು, ಈಗಲೂ ಸ್ವಲ್ಪ ಜನ ಇದ್ದಾರೆ.

ಅತ್ತಿಗೆಗೆ ಹೊಸದು ಅನ್ಸಿದ್ದು ಸಹಜ. ಕ್ಯಾಥೊಲಿಕ್ ಸಭೆ, ಸಾವಿರ ವರ್ಷ ಅಂದ್ರೆ ಸಭೆಯ ಕಾಲಾನೇ ಅಂತ ಓದಿದ ಹಳೇ ಕಾಲದ ಬಿಷಪ್ ಅಗಸ್ಟೀನ್ ದಾರಿಯಲ್ಲೇ ಬಂದಿದ್ದು, ಇತಿಹಾಸದ ಒಳಗೇ ಒಂದು ಮೆಸ್ಸೀಯನ ರಾಜ್ಯ ಪೂರ್ತಿಯಾಗುತ್ತೆ ಅನ್ನೋ ನಿರೀಕ್ಷೆಯನ್ನ ಅವರ ಧರ್ಮೋಪದೇಶ ಪುಸ್ತಕದ 676ನೇ ಪ್ಯಾರಾ ಸ್ಪಷ್ಟವಾಗೇ ತಳ್ಳಿಹಾಕುತ್ತೆ.

ಪ್ರಶ್ನೆ: ಬ್ರದರ್, ಆದಿ ಸಭೆಯವರೆಲ್ಲ ಸಾವಿರ ವರ್ಷದ ಆಳ್ವಿಕೆಯನ್ನ ಇದ್ದದ್ದು ಇದ್ದ ಹಾಗೇ ನಂಬ್ತಿದ್ರು, ಅಗಸ್ಟೀನ್ ಬಂದು ಕೆಡಿಸಿದ ಅಂತ ಒಬ್ರು, ಇಲ್ಲ ಇದೆಲ್ಲ 19ನೇ ಶತಮಾನದಲ್ಲಿ ಹುಟ್ಟಿದ್ದು ಅಂತ ಇನ್ನೊಬ್ರು. ಯಾವುದು ನಿಜ?

ಉತ್ತರ: ಎರಡೂ ಅರ್ಧರ್ಧ. 2ನೇ ಶತಮಾನದ ಕ್ರೈಸ್ತ ಬರಹಗಾರರಾದ ಪಪಿಯಾಸ್, ಜಸ್ಟಿನ್, ಐರೇನಿಯಸ್ ಇವರೆಲ್ಲ ಭೂಮಿ ಮೇಲಿನ ರಾಜ್ಯಾನೇ ನಂಬಿದ್ರು, ಅದರಲ್ಲಿ ಅನುಮಾನ ಇಲ್ಲ. ಪಪಿಯಾಸ್‌ನ ಮಾತನ್ನ ಐರೇನಿಯಸ್ ಬರೆದಿಟ್ಟಿದ್ದಾನೆ, ಆ ಕಾಲದಲ್ಲಿ ಒಂದೊಂದು ದ್ರಾಕ್ಷಿ ಬಳ್ಳಿಗೆ ಹತ್ತು ಸಾವಿರ ಕೊಂಬೆ, ಕೊಂಬೆಗೆ ಹತ್ತು ಸಾವಿರ ರೆಂಬೆ, ಹೀಗೇ ಹೋಗಿ ಹೋಗಿ ಗೊಂಚಲಿಗೆ ಹತ್ತು ಸಾವಿರ ಹಣ್ಣು, ಒಬ್ಬ ಭಕ್ತ ಒಂದು ಗೊಂಚಲಿಗೆ ಕೈ ಹಾಕಿದ್ರೆ ಪಕ್ಕದ ಗೊಂಚಲು ನಾನು ಇನ್ನೂ ಚೆನ್ನಾಗಿದೀನಿ ನನ್ನ ತಗೋ ಅಂತ ಕೂಗುತ್ತಂತೆ! ನಂಗೇನೋ ಓದೋಕೆ ಭಾರೀ ಇಷ್ಟ. 4ನೇ ಶತಮಾನದ ಇತಿಹಾಸಕಾರ ಯುಸೇಬಿಯಸ್‌ಗೆ ಮಾತ್ರ ಇಷ್ಟ ಆಗ್ಲಿಲ್ಲ, ಪಪಿಯಾಸ್ ಬುದ್ಧಿಯಲ್ಲಿ ಸ್ವಲ್ಪ ಕಮ್ಮಿ ಅಂತ ಬರೆದುಬಿಟ್ಟ.

ಆದ್ರೆ ಎಲ್ಲರೂ ನಂಬಿದ್ರು ಅನ್ನೋದು ಸುಳ್ಳು, ಅದಕ್ಕೆ ಸಾಕ್ಷಿ ಜಸ್ಟಿನೇ. ಟ್ರೈಫೋ ಅನ್ನೋ ಯೆಹೂದ್ಯನ ಜೊತೆಗಿನ ಸಂವಾದದಲ್ಲಿ ಅವನು, ನಾನೂ ಇನ್ನೂ ಹಲವರೂ ಹೊಸದಾಗಿ ಕಟ್ಟಿದ ಯೆರೂಸಲೇಮಲ್ಲಿ ಸಾವಿರ ವರ್ಷ ಇರುತ್ತೆ ಅಂತ ನಂಬ್ತೀವಿ, ಆದ್ರೆ ಶುದ್ಧ ನಂಬಿಕೆಯ ದೈವಭಕ್ತ ಕ್ರೈಸ್ತರಲ್ಲೇ ಹಾಗೆ ನಂಬದವರು ಬಹಳ ಜನ ಇದ್ದಾರೆ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಇದು 2ನೇ ಶತಮಾನದ ಮಧ್ಯಭಾಗದ ಮಾತು, ಅಗಸ್ಟೀನ್ ಹುಟ್ಟೋಕೆ ಇನ್ನೂ ಎರಡು ಶತಮಾನ ಬಾಕಿ. ಅಂದ್ರೆ ಭಿನ್ನಾಭಿಪ್ರಾಯಾನೂ ಆದಿ ಸಭೆಯಷ್ಟೇ ಹಳೇದು, ಮತ್ತೆ ನಂಬದವರನ್ನ ಅವನು ಹೊರಗೆ ಹಾಕ್ಲಿಲ್ಲ ಅನ್ನೋದು ನಮ್ಮ ಈಗಿನ ಗುಂಪುಗಳು ನೋಡ್ಬೇಕಾದ ವಿಷಯ. ಅಗಸ್ಟೀನ್ ಕೂಡ ಮೊದಲು ಇಂಥದ್ದೇ ಒಂದು ನಂಬಿಕೆ ಇಟ್ಕೊಂಡಿದ್ದವನು, ಆಮೇಲೆ ಸಾವಿರ ವರ್ಷ ಅಂದ್ರೆ ಬರೀ ತಿನ್ನೋದು ಕುಡಿಯೋದು ಅನ್ನೋ ಮಾತು ಕೇಳಿ ಬೇಸರ ಆಗಿ ಬಿಟ್ಟೆ ಅಂತ ದೇವರ ನಗರ ಅನ್ನೋ ತನ್ನ ಗ್ರಂಥದ 20ನೇ ಭಾಗದಲ್ಲಿ ತಾನೇ ಹೇಳ್ಕೊಂಡಿದ್ದಾನೆ.

19ನೇ ಶತಮಾನದ ಮಾತು ಬರೋದು ಎತ್ತಲ್ಪಡೋ ವಿಷಯಕ್ಕೆ. ಎತ್ತಲ್ಪಡೋದನ್ನ ಎಲ್ಲಾ ಕ್ರೈಸ್ತರೂ ಯಾವುದೋ ರೂಪದಲ್ಲಿ ಒಪ್ತಾರೆ, ಮೇಲೆ ಹೇಳಿದ ಥೆಸಲೊನೀಕ ಪತ್ರದಲ್ಲಿ ಪೌಲನೇ ಬರೆದಿದ್ದಾನಲ್ಲ. ಆದ್ರೆ ಏಳು ವರ್ಷದ ಮಹಾ ಸಂಕಟಕ್ಕೆ ಮೊದಲೇ, ಬಹಿರಂಗ ಬರೋಣಕ್ಕಿಂತ ಬೇರೆಯಾಗಿ ಆಗುತ್ತೆ ಅನ್ನೋದನ್ನ ಒಂದು ವ್ಯವಸ್ಥೆಯಾಗಿ ಬೋಧಿಸಿ ಹರಡಿದ್ದು 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ ಅನ್ನೋ ಬೋಧಕ ಮತ್ತು ಅವನಿದ್ದ ಪ್ಲಿಮತ್ ಬ್ರೆದ್ರೆನ್ ಪಂಗಡದವರು, ಅದನ್ನ ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್. ವಚನದ ಪುಟದಲ್ಲೇ ಕೆಳಗೆ ಟಿಪ್ಪಣಿ ಅಚ್ಚು ಹಾಕಿದ್ದು, ಓದೋರಿಗೆ ಯಾವುದು ಪೌಲ ಯಾವುದು ಸ್ಕೋಫೀಲ್ಡ್ ಅಂತ ಬರ್ತಾ ಬರ್ತಾ ಗೊತ್ತಾಗದೇ ಹೋಯ್ತು ಅಂತ ನಂಗನ್ಸುತ್ತೆ.

ಪ್ರಶ್ನೆ: ವಿಡಿಯೋದಲ್ಲಿ ಒಬ್ಬ ಬೋಧಕರು ಯುದ್ಧ, ಭೂಕಂಪ ಎಲ್ಲ ಲೆಕ್ಕ ಹಾಕಿ ಬರೋಣದ ವರ್ಷ ಹೇಳ್ತಿದ್ದಾರೆ. ತುಂಬಾ ಜನ ನಂಬ್ತಿದ್ದಾರೆ. ನಂಬಬಹುದಾ?

ಉತ್ತರ: ಬೇಡ. ಆ ದಿನ ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಅಂತ ಮಾರ್ಕ 13:32ರಲ್ಲಿದೆ. ದಿನ ಗೊತ್ತಿಲ್ಲ ಅಂದ್ರು, ವರ್ಷ ಗೊತ್ತಿಲ್ಲ ಅಂದ್ರಾ ಅಂತ ಕೆಲವರು ಜಾಣತನ ಮಾಡ್ತಾರೆ, ಅಪೊಸ್ತಲರ ಕೃತ್ಯಗಳು 1:7 ಅದಕ್ಕೂ ಜಾಗ ಬಿಟ್ಟಿಲ್ಲ, ಕಾಲಗಳನ್ನೂ ಸಮಯಗಳನ್ನೂ ತಿಳಿಯೋದು ನಿಮ್ಮ ಕೆಲಸ ಅಲ್ಲ.

ಅಮೆರಿಕದ ವಿಲಿಯಂ ಮಿಲ್ಲರ್ ಕಥೆ ಹೇಳ್ಬೇಕು. ಅವನು ಮೋಸಗಾರ ಅಲ್ಲ, ರೈತ, ಬೈಬಲನ್ನ ವರ್ಷಗಟ್ಟಲೆ ಶ್ರದ್ಧೆಯಿಂದ ಓದಿದವನು. ದಾನಿಯೇಲ 8:14ರ 2300 ದಿನಗಳನ್ನ 2300 ವರ್ಷ ಅಂತ ತಗೊಂಡು, ಕ್ರಿ.ಪೂ. 457ರಿಂದ ಎಣಿಸಿ, 1843ರ ಸುಮಾರಿಗೆ ಬಂದು ನಿಂತ. 1844ರ ಮಾರ್ಚ್ ದಾಟಿದ್ರೂ ಏನೂ ಆಗ್ಲಿಲ್ಲ, ಆಗ ಸ್ಯಾಮ್ಯುವೆಲ್ ಸ್ನೋ ಅನ್ನೋನು ಲೆಕ್ಕ ತಿದ್ದಿ ಅಕ್ಟೋಬರ್ 22 ಅಂದ. ಕೆಲವರು ಹೊಲದಲ್ಲಿದ್ದ ಬೆಳೆ ತೆಗೀಲೇ ಇಲ್ಲ. ಆ ದಿನ ಸೇರಿ ಕಾದ್ರು, ಮಧ್ಯರಾತ್ರಿ ಗಂಟೆ ಹೊಡೀತು, ಬೆಳಗಾಗೋವರೆಗೂ ಅತ್ತೆವು ಅಂತ ಅವರಲ್ಲೊಬ್ಬ ಹೈರಮ್ ಎಡ್ಸನ್ ಆಮೇಲೆ ಬರೆದ. ಇತಿಹಾಸದಲ್ಲಿ ಅದಕ್ಕೆ ಮಹಾ ನಿರಾಶೆ ಅಂತಲೇ ಹೆಸರು. ಅವರಲ್ಲಿ ಒಂದು ಗುಂಪು ಮುಂದೆ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಆಯ್ತು, ಅವರ ಪ್ರಕಾರ ಸಾವಿರ ವರ್ಷ ಭಕ್ತರು ಇರೋದು ಪರಲೋಕದಲ್ಲಿ, ಭೂಮಿ ಖಾಲಿ ಬಿದ್ದಿರುತ್ತೆ, ಅಂದ್ರೆ ಮೇಲೆ ಹೇಳಿದ ಯಾವ ಗುಂಪಿಗೂ ಪೂರ್ತಿ ಹೊಂದಲ್ಲ. ಇನ್ನು 2011ರ ಮೇ 21 ಅಂದಿದ್ದ ಹೆರಾಲ್ಡ್ ಕ್ಯಾಂಪಿಂಗ್ ವಿಷಯ ನಿಮಗೆಲ್ಲ ನೆನಪಿರ್ಬಹುದು, ಅದೂ ಮುಗೀತು, ಆಮೇಲೆ ಅಕ್ಟೋಬರ್ ಅಂದ, ಅದೂ ಮುಗೀತು.

ಯುದ್ಧ, ಭೂಕಂಪ ಅಂತ ಹೇಳಿದ್ರಲ್ಲ, ಮತ್ತಾಯ 24ನ್ನೇ ತೆಗೆದು ನೋಡಿ, ಅವನ್ನೆಲ್ಲ ಹೇಳಿ ಆದ ಮೇಲೆ ಇವೆಲ್ಲ ಪ್ರಸವ ವೇದನೆಯ ಶುರು ಅಷ್ಟೇ, ಗಾಬರಿಯಾಗಬೇಡಿ, ಅಂತ್ಯ ಇನ್ನೂ ಬಂದಿಲ್ಲ ಅಂತ ಇದೆ. ಅದೇ ಅಧ್ಯಾಯದ ಬಹುಪಾಲು ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮ್ ದೇವಾಲಯ ಕೆಡವಿದಾಗಲೇ ನೆರವೇರಿತು ಅಂತ ಓದೋರೂ ಇದ್ದಾರೆ, ಅವರನ್ನ ಪ್ರಿಟರಿಸ್ಟ್ ಅಂತಾರೆ.

ಪ್ರಶ್ನೆ: ನನ್ನ ಮಗ ಬರೋಣ ಹತ್ರ ಇದೆ, ಓದಿ ಏನು ಪ್ರಯೋಜನ ಅಂತ ಕಾಲೇಜಿಗೆ ಹೋಗೋದನ್ನೇ ಬಿಟ್ಟಿದ್ದಾನೆ. ಏನು ಹೇಳ್ಲಿ?

ಉತ್ತರ: ಅಮ್ಮಾ, ಅವನಿಗೆ ಬೈಬೇಡಿ, ಪೌಲ ಥೆಸಲೊನೀಕದವರಿಗೆ ಬರೆದ ಎರಡನೇ ಪತ್ರ ಓದೋಕೆ ಹೇಳಿ, ಮೂರೇ ಅಧ್ಯಾಯ. ಅಲ್ಲಿ ಕರ್ತನ ದಿನ ಬಂದೇಬಿಡ್ತು ಅಂತ ಗಾಬರಿ ಬಿದ್ದವರೂ ಇದ್ದಾರೆ, ಕೆಲಸ ಬಿಟ್ಟು ಸುಮ್ನೆ ತಿರುಗೋರೂ ಇದ್ದಾರೆ, ಎರಡಕ್ಕೂ ನಂಟಿದೆ ಅಂತ ಬಹಳ ವ್ಯಾಖ್ಯಾನಕಾರರು ಹೇಳ್ತಾರೆ. ಮೊದಲನೆಯವರಿಗೆ ಬೇಗ ಮನಸ್ಸು ಕದಡ್ಕೋಬೇಡಿ ಅಂತಾನೆ, ಎರಡನೆಯವರಿಗೆ ದುಡಿಯೋಕೆ ಮನಸ್ಸಿಲ್ಲದವನು ಊಟಾನೂ ಮಾಡ್ಬಾರದು ಅಂತ 3:10ರಲ್ಲಿ ಸೀದಾ ಹೇಳಿಬಿಡ್ತಾನೆ. ಅವನ ಗುಂಪಿನ ಹಿರಿಯರ ಹತ್ರಾನೂ ಒಮ್ಮೆ ಮಾತಾಡಿ, ಬೇಗ ಬರ್ತಾನೆ ಅಂತ ಬೋಧಿಸೋರಲ್ಲೂ ಹೆಚ್ಚಿನವರು ಕಾಲೇಜು ಬಿಡು ಅನ್ನಲ್ಲ, ಅವರೇ ತಿದ್ದಿದ್ರೆ ಅವನು ಕೇಳ್ತಾನೆ, ನಾವು ನೀವು ಹೇಳಿದ್ರೆ ವಿಶ್ವಾಸ ಕಮ್ಮಿ ಅಂತಾನೆ.

ಪ್ರಶ್ನೆ: ಈ ವಿಷಯದಲ್ಲಿ ತಪ್ಪು ನಂಬಿದ್ರೆ ರಕ್ಷಣೆ ಹೋಗುತ್ತಾ? ಅಂದ ಹಾಗೆ ನೀವು ಯಾವ ಕಡೆ, ಜಾರ್ಕೋಬೇಡಿ!

ಉತ್ತರ: ಹೋಗಲ್ಲ. ಅಪೊಸ್ತಲರ ವಿಶ್ವಾಸ ಪ್ರಮಾಣ ತಗೊಳ್ಳಿ, ನೈಸೀನ್ ಪ್ರಮಾಣ ತಗೊಳ್ಳಿ, ಜೀವಿಸೋರಿಗೂ ಸತ್ತವರಿಗೂ ತೀರ್ಪು ಮಾಡೋಕೆ ಬರ್ತಾನೆ ಅಂತ ಇದೆ, ಸತ್ತವರು ಏಳ್ತಾರೆ ಅಂತ ಇದೆ, ಸಾವಿರ ವರ್ಷದ ಬಗ್ಗೆ ಒಂದಕ್ಷರ ಇಲ್ಲ. ಪ್ರಿಮಿಲ್, ಅಮಿಲ್, ಪೋಸ್ಟ್‌ಮಿಲ್ ಮೂವರೂ ಅಕ್ಕಪಕ್ಕ ನಿಂತು ಅದನ್ನ ಹೇಳಬಹುದು, ಹೇಳ್ತಾನೂ ಇದ್ದಾರೆ.

ನಾನು ಅಮಿಲ್ ಕಡೆ ವಾಲ್ತೀನಿ, ಮುಖ್ಯವಾಗಿ ಯೋಹಾನ 5ರಿಂದಾಗಿ, ಮತ್ತೆ ಪ್ರಕಟನೆಯಲ್ಲಿ ಏಳು ತಲೆ ಹತ್ತು ಕೊಂಬು ಎಲ್ಲ ಸಂಕೇತ ಅಂತ ಒಪ್ಪಿ ಈ ಸಾವಿರ ಒಂದನ್ನ ಮಾತ್ರ ಕ್ಯಾಲೆಂಡರ್ ಮಾಡೋದು ನಂಗೆ ಒಗ್ಗಲ್ಲ. ಆದ್ರೆ 20ನೇ ಅಧ್ಯಾಯದ 4, 5ನೇ ವಚನ ಇದೆಯಲ್ಲ, ಮೊದಲು ಕೆಲವರಿಗೆ ಜೀವ ಬಂತು, ಮಿಕ್ಕವರಿಗೆ ಸಾವಿರ ವರ್ಷ ಆದ ಮೇಲೆ ಜೀವ ಬಂತು ಅಂತ. ನಮ್ಮ ಕಡೆಯವರು ಮೊದಲನೇದು ಆತ್ಮಿಕ, ಎರಡನೇದು ದೈಹಿಕ ಅಂತಾರೆ. ಅಕ್ಕಪಕ್ಕದ ಎರಡು ವಚನದಲ್ಲಿ, ಅದೇ ಮಾತಿಗೆ ಎರಡರ್ಥ ಹೇಗೆ ಮಾಡ್ತೀರಿ ಅಂತ ಪ್ರಿಮಿಲ್‌ನವರು ಕೇಳಿದಾಗ ನಾನು ಕೊಡೋ ಉತ್ತರ ನಂಗೇ ಅಷ್ಟು ಗಟ್ಟಿ ಅನ್ಸಲ್ಲ.